ಅರ್ಧ ಗಂಟೆಯ ನಗೆನಾಟಕಕ್ಕೆ ಒಂದು ವಕಾಲತ್ತು



ಶಾಲಾ ವಾರ್ಷಿಕೋತ್ಸವಗಳ ಕಾಲ ಬಂದಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಮೇಷ್ಟರಾಗಿ ದುಡಿದ ನನಗೆ ಈ ದಿನಗಳಲ್ಲಿ ನಿಮ್ಮಿಂದ ಆಹ್ವಾನಪತ್ರಿಕೆಗಳು ಬರುತ್ತವೆ. ನಿಮ್ಮಲ್ಲಿ ಕೆಲವರು ಇಂದು ಶಿಕ್ಷಕರು, ಕೆಲವರು ಶಾಲಾ ಸಮಿತಿಯ ಸದಸ್ಯರು, ಬಹುಮಂದಿ ಮಕ್ಕಳ ಪೋಷಕರು. ನೀವು ಪ್ರೀತಿಯಿಂದ ಕರೆದಾಗ ಹೋಗಿ ಮುಂದಿನ ಸಾಲಿನಲ್ಲಿ ಕುಳಿತು ನೋಡುತ್ತೇನೆ. ದೀಪಾಲಂಕಾರ ಚೆನ್ನಾಗಿರುತ್ತದೆ, ಉಡುಪುಗಳು ಬಲು ಚೆನ್ನಾಗಿರುತ್ತವೆ. ಆದರೆ ಮೂರು ಗಂಟೆಗಳ ಕಾರ್ಯಕ್ರಮದಲ್ಲಿ ಮಗುವಿನ ಸ್ವಂತ ಧ್ವನಿ ಕೇಳುವುದು ಎರಡೇ ಸಂದರ್ಭಗಳಲ್ಲಿ: ಪ್ರಾರ್ಥನೆಯಲ್ಲಿ ಮತ್ತು ವಂದನಾರ್ಪಣೆಯಲ್ಲಿ. ಉಳಿದಂತೆ ಧ್ವನಿವರ್ಧಕ ಹಾಡುತ್ತದೆ, ಮಕ್ಕಳು ಅದಕ್ಕೆ ತಕ್ಕಂತೆ ಕೈಕಾಲು ಆಡಿಸುತ್ತಾರೆ.

ಕುಣಿತದ ಮೇಲೆ ನನಗೆ ದ್ವೇಷವಿಲ್ಲ. ನನ್ನ ವಾದ ಇಷ್ಟೇ: ಆ ಮೂರು ಗಂಟೆಗಳಲ್ಲಿ ಅರ್ಧ ಗಂಟೆಯನ್ನು ಒಂದು ಪ್ರಹಸನಕ್ಕೆ, ಅಂದರೆ ಒಂದೇ ಅಂಕದ ನಗೆನಾಟಕಕ್ಕೆ, ಹಿಂದಿರುಗಿಸಬೇಕು. 'ಹಿಂದಿರುಗಿಸಬೇಕು' ಎನ್ನುವುದಕ್ಕೆ ಕಾರಣವಿದೆ. ಆ ಅರ್ಧ ಗಂಟೆ ಮೊದಲು ಅದರದೇ ಆಗಿತ್ತು.

ಇಂಗ್ಲಿಷಿನವರು ಪ್ರಹಸನವನ್ನು 'ಫಾರ್ಸ್' ಎನ್ನುತ್ತಾರೆ. ಆ ಪದದ ಮೂಲ ಅಡುಗೆಮನೆಯಲ್ಲಿದೆ. ಲ್ಯಾಟಿನ್ ಭಾಷೆಯಲ್ಲಿ 'ತುಂಬು, ತುರುಕು' ಎಂಬ ಅರ್ಥದ ಧಾತುವಿನಿಂದ ಫ್ರೆಂಚಿಗೆ ಬಂದ ಮಾತು ಅದು. ಅಚ್ಚಗನ್ನಡದಲ್ಲಿ ಹೇಳುವುದಾದರೆ ಹೂರಣ. ದೊಡ್ಡ ಧಾರ್ಮಿಕ ನಾಟಕಗಳ ನಡುವೆ ಜನರು ತೂಕಡಿಸದಿರಲೆಂದು ತುಂಬುತ್ತಿದ್ದ ನಗೆಯ ತುಣುಕುಗಳಿಗೆ ಆ ಹೆಸರು ಬಂತು. ಹೋಳಿಗೆಯ ರುಚಿ ಇರುವುದು ಕಣಕದಲ್ಲೋ ಹೂರಣದಲ್ಲೋ ಎಂಬುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಇಂಗ್ಲಿಷಿನ ಆದಿಕಾಲದ ಏಕಾಂಕ ಪ್ರಹಸನಗಳಲ್ಲಿ ಒಂದು 1533ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮುದ್ರಿಸಿದವನು ವಿಲಿಯಂ ರಾಸ್ಟೆಲ್. ಬರೆದವನೆಂದು ಸಾಮಾನ್ಯವಾಗಿ ಹೇಳುವುದು ಅವನ ಭಾವ ಜಾನ್ ಹೇವುಡ್‌ನ ಹೆಸರನ್ನು. ಅದರಲ್ಲಿ ಮೂರೇ ಪಾತ್ರಗಳು: ಜೋಹನ್ ಜೋಹನ್ ಎಂಬ ಗಂಡ, ಟಿಬ್ ಎಂಬ ಹೆಂಡತಿ, ಸರ್ ಜೋಹನ್ ಎಂಬ ಪಾದ್ರಿ. ಗಂಡ ಹೆಂಡತಿಯಿಲ್ಲದಾಗ ಮಹಾಶೂರ, ಅವಳು ಬಂದೊಡನೆ ಮಹಾವಿಧೇಯ. ಪಾದ್ರಿಯನ್ನು ಊಟಕ್ಕೆ ಕರೆಸಿದ ಹೆಂಡತಿ ಗಂಡನನ್ನು ನೀರು ತರಲು ಕಳಿಸುತ್ತಾಳೆ. ಬಕೆಟ್ಟು ಸೀಳಿದೆ, ನೀರು ಸೋರಿಹೋಗುತ್ತದೆ. ಸೀಳನ್ನು ಮುಚ್ಚಲು ಅವನು ಒಲೆಯ ಮುಂದೆ ಕುಳಿತು, ಹೊಗೆಗೆ ಕಣ್ಣೀರಿಡುತ್ತ ಮೇಣವನ್ನು ಮೆದುಮಾಡುತ್ತಿರುತ್ತಾನೆ. ಅತ್ತ ಹೆಂಡತಿ ಮತ್ತು ಪಾದ್ರಿ ಕಡುಬನ್ನು ಪೂರ್ತಿ ಮುಗಿಸುತ್ತಾರೆ. ಐನೂರು ವರ್ಷದ ಹಿಂದಿನ ಈ ಕಥೆಯನ್ನು ಇಂದು ನಾಗಮಂಗಲದ ಸಂತೆಯಲ್ಲಿ ಹೇಳಿದರೂ ಜನ ನಗುತ್ತಾರೆ.

ಇದನ್ನು ಆಡಿದ ಕಾಲದಲ್ಲಿ ಲಂಡನ್ನಿನಲ್ಲಿ ನಾಟಕಕ್ಕೆಂದೇ ಕಟ್ಟಿದ ದೊಡ್ಡ ರಂಗಮಂದಿರವಿರಲಿಲ್ಲ. 'ದಿ ಥಿಯೇಟರ್' ಎಂಬುದು ಬಂದದ್ದು 1576ರಲ್ಲಿ. ಶ್ರೀಮಂತರ ಮನೆಗಳ ಊಟದ ಹಜಾರಗಳಲ್ಲಿ, ಭೋಜನದ ಬಿಡುವಿನಲ್ಲಿ ಇಂಥ ಕಿರುನಾಟಕಗಳು ನಡೆಯುತ್ತಿದ್ದವು. ಮುದ್ರಕನ ತಂದೆ ಜಾನ್ ರಾಸ್ಟೆಲ್ ಲಂಡನ್ನಿನ ಹೊರವಲಯದಲ್ಲಿದ್ದ ತನ್ನ ಹಿತ್ತಿಲಿನಲ್ಲೇ ಒಂದು ರಂಗ ಕಟ್ಟಿಸಿದ್ದ. ತನ್ನಲ್ಲಿದ್ದ ವೇಷಭೂಷಣಗಳನ್ನು ಬೇರೊಬ್ಬ ಬಾಡಿಗೆಗೆ ಬಿಟ್ಟನೆಂದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ. ನಮ್ಮ ಕಡೆಯ ಪೌರಾಣಿಕ ನಾಟಕಗಳ ಸೀನರಿ, ಕಿರೀಟ, ಗದೆಗಳ ಬಾಡಿಗೆಯ ಜಗಳಗಳನ್ನು ಕಂಡವರಿಗೆ ಇದು ಹೊಸತೆನಿಸಲಾರದು.

ಇಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಪ್ರಹಸನಕ್ಕೆ ದೊಡ್ಡ ರಂಗಮಂದಿರ ಬೇಕಿಲ್ಲ, ಒಂದು ಹಜಾರ ಸಾಕು ಎಂಬುದು ಮೊದಲನೆಯದು. ಎರಡನೆಯದು, ಜೋಹನ್ ಜೋಹನ್ ಮೂಲತಃ ಒಂದು ಫ್ರೆಂಚ್ ಪ್ರಹಸನದಿಂದ ರೂಪಾಂತರಗೊಂಡದ್ದು. ಫ್ರಾನ್ಸಿನ ಗಂಡಹೆಂಡಿರು ಲಂಡನ್ನಿನವರಾಗಿ, ಅಲ್ಲಿಯ ಬೀದಿಗಳ ಹೆಸರು ಹೇಳುತ್ತ, ಅಲ್ಲಿಯ ಆಡುಮಾತಿನಲ್ಲಿ ಜಗಳವಾಡುತ್ತಾರೆ. ಪ್ರಹಸನ ಊರಿಂದೂರಿಗೆ ಹೋದಾಗಲೆಲ್ಲ ಹೋದ ಊರಿನ ಬಟ್ಟೆ ತೊಡುತ್ತದೆ, ಹೋದ ಊರಿನ ಮಾತನ್ನೇ ಆಡುತ್ತದೆ.

ಹಾಗೆಂದು ಪ್ರಹಸನ ಪರದೇಶದ ಸರಕೆಂದು ತಿಳಿಯಬಾರದು. ಭರತನ ನಾಟ್ಯಶಾಸ್ತ್ರ ಹೇಳುವ ಹತ್ತು ರೂಪಕಗಳಲ್ಲಿ ಪ್ರಹಸನವೂ ಒಂದು. ಏಳನೆಯ ಶತಮಾನದ ಪಲ್ಲವ ದೊರೆ ಮಹೇಂದ್ರವರ್ಮ ಬರೆದ 'ಮತ್ತವಿಲಾಸ'ದಲ್ಲಿ ಕಾಪಾಲಿಕನೊಬ್ಬ ಕಳೆದುಹೋದ ತನ್ನ ಕಪಾಲಪಾತ್ರೆಗಾಗಿ ಕಂಚಿಯ ಬೀದಿಗಳಲ್ಲಿ ರಂಪ ಮಾಡುತ್ತಾನೆ. ಅದನ್ನು ಕೊಂಡೊಯ್ದದ್ದು ಒಂದು ನಾಯಿ. ದೊರೆಯೊಬ್ಬ ತನ್ನ ರಾಜಧಾನಿಯ ಸನ್ಯಾಸಿಗಳನ್ನೇ ನಗೆಗೆ ಒಡ್ಡಿದ್ದಾನೆಂಬುದು ಸಾಮಾನ್ಯ ಮಾತಲ್ಲ.

ಇನ್ನು ಕನ್ನಡ. ನಮಗೆ ದೊರೆತಿರುವ ಮೊದಲ ಕನ್ನಡ ನಾಟಕ ಹುಟ್ಟಿದ್ದು ನಮ್ಮ ಶ್ರೀರಂಗಪಟ್ಟಣದಲ್ಲಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಸಿಂಗರಾರ್ಯನು ಶ್ರೀಹರ್ಷನ 'ರತ್ನಾವಳಿ'ಯನ್ನು ಆಧರಿಸಿ 'ಮಿತ್ರವಿಂದಾ ಗೋವಿಂದ'ವನ್ನು ರಚಿಸಿದ. ಉದಯನ ಮಹಾರಾಜನ ಜಾಗದಲ್ಲಿ ಶ್ರೀಕೃಷ್ಣನನ್ನು ತಂದು ನಿಲ್ಲಿಸಿದ. ಅದೂ ಒಂದು ರೂಪಾಂತರವೇ. ಆಡುಮಾತಿನ ಸಾಮಾಜಿಕ ಪ್ರಹಸನಕ್ಕಾಗಿ ಕನ್ನಡ ಬಹುಕಾಲ ಕಾಯಬೇಕಾಯಿತು. 1887ರಲ್ಲಿ ಹೊನ್ನಾವರ ಸೀಮೆಯ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳ 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ' ಪ್ರಕಟವಾಯಿತು. ಹಣ ಪಡೆದು ಎಳೆಯ ಹೆಣ್ಣುಮಕ್ಕಳನ್ನು ಮುದುಕರಿಗೆ ಕೊಡುತ್ತಿದ್ದ ಕನ್ಯಾವಿಕ್ರಯವನ್ನು ಅದು ತನ್ನವರದೇ ಹವ್ಯಕ ನುಡಿಯಲ್ಲಿ ಗೇಲಿ ಮಾಡಿತು. ಅದೇ ಕಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯದಲ್ಲಿ ಶಾಕುಂತಲದಂತಹ ನಾಟಕಗಳು ವೈಭವದಿಂದ ನಡೆಯುತ್ತಿದ್ದವು. ಅಲ್ಲಿ ಗ್ರಂಥಸ್ಥ ಭಾಷೆ, ರಾಗ, ಕಂದಪದ್ಯ. ಇಲ್ಲಿ ಜಗಲಿಯ ಮಾತು.

ಈ ಜಗಲಿಯ ಮಾತನ್ನು ಮೈಸೂರು ಸೀಮೆಯ ರಂಗಕ್ಕೆ ತಂದವರು ತ್ಯಾಗರಾಜ ಪರಮಶಿವ ಕೈಲಾಸಂ. ಅವರು ಮದರಾಸಿನಲ್ಲಿ ಓದಿ, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿಗೆ ಹೋಗಿ ಭೂವಿಜ್ಞಾನ ಕಲಿತು, 1915ರಲ್ಲಿ ಹಿಂದಿರುಗಿದರು. ಕಲ್ಲಿನ ಜೊತೆಗೆ ಅವರು ಅಲ್ಲಿ ಕಲಿತದ್ದು ನಾಟಕ. ಲಂಡನ್ನಿನ ನಾಟಕಶಾಲೆಗಳ ಸಂಭಾಷಣೆಯ ಚುರುಕನ್ನು, ಹಾಡುಗಳ ಮಟ್ಟುಗಳನ್ನು ತಲೆಯಲ್ಲಿ ತುಂಬಿಕೊಂಡು ಬಂದರು. ಟಿಪ್ಪರರಿ ಎಂಬ ಐರ್ಲೆಂಡಿನ ಊರಿನ ಹಾಡು ಅವರ ಬಾಯಲ್ಲಿ ತಿಪ್ಪಾರಳ್ಳಿಯ ಹಾಡಾಯಿತು. ಫ್ರೆಂಚ್ ಗಂಡ ಲಂಡನ್ನಿನವನಾದ ಹಾಗೆಯೇ ಇದೂ. 'ಟೊಳ್ಳುಗಟ್ಟಿ', 'ಹೋಂ ರೂಲು', 'ಬಂಡ್ವಾಳ್ವಿಲ್ಲದ ಬಡಾಯಿ', 'ಅಮ್ಮಾವ್ರ ಗಂಡ', 'ಪೋಲೀ ಕಿಟ್ಟಿ' ಒಂದರ ಹಿಂದೊಂದು ಬಂದವು. ಕೈಲಾಸಂ ಇವನ್ನು ಕುಳಿತು ಬರೆದದ್ದಕ್ಕಿಂತ ಗೆಳೆಯರ ಮುಂದೆ ಆಡಿ ತೋರಿಸಿದ್ದೇ ಹೆಚ್ಚು, ಬರೆದುಕೊಂಡವರು ಬೇರೆಯವರು. ಆದ್ದರಿಂದಲೇ ಅವು ಕಣ್ಣಿಗಿಂತ ಕಿವಿಗೆ ಹತ್ತಿರ. ಪುಸ್ತಕದಲ್ಲಿ ಓದಿದರೆ ಅರ್ಧ ಸಪ್ಪೆ, ಬಾಯಿಬಿಟ್ಟು ಆಡಿದರೆ ಪೂರ್ತಿ ರುಚಿ.

ಇವುಗಳ ರಂಗಚರಿತ್ರೆಯಲ್ಲಿ ನಾನು ಮುಖ್ಯವೆಂದು ಭಾವಿಸುವ ಅಂಶವೊಂದಿದೆ. ಕೈಲಾಸಂ ಅವರ ನಾಟಕಗಳನ್ನು ಬದುಕಿಸಿದವರು ವೃತ್ತಿ ಕಂಪನಿಗಳಲ್ಲ, ಹವ್ಯಾಸಿಗಳು. ಕಂಪನಿಗಳಿಗೆ ಭಾರಿ ಪರದೆ, ಟ್ರಾನ್ಸ್‌ಫರ್ ಸೀನು, ರಾತ್ರಿಯಿಡೀ ಹಾಡು ಬೇಕಾಗಿದ್ದವು. ನಾಲ್ಕು ಕುರ್ಚಿ ಒಂದು ಮೇಜಿನ ಪ್ರಹಸನದಿಂದ ಅವರ ಟಿಕೆಟ್ ಮಾರಾಟವಾಗದು. ಬೆಂಗಳೂರಿನಲ್ಲಿ 1909ರಲ್ಲಿ ಹುಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ನಿನಂತಹ ಹವ್ಯಾಸಿ ಸಂಘಗಳು, ಗುಮಾಸ್ತರು, ವಕೀಲರು, ಕಾಲೇಜು ವಿದ್ಯಾರ್ಥಿಗಳು ಇವನ್ನು ಕೈಗೆತ್ತಿಕೊಂಡರು. ಅಲ್ಲಿಂದ ಕಾಲೇಜಿಗೆ, ಕಾಲೇಜಿನಿಂದ ಉಪಾಧ್ಯಾಯರ ಮೂಲಕ ಹೈಸ್ಕೂಲಿಗೆ ಅವು ಇಳಿದುಬಂದವು. 1946ರಲ್ಲಿ ಕೈಲಾಸಂ ತೀರಿಕೊಂಡ ಮೇಲೂ ಈ ಸರಪಳಿ ಕಡಿಯಲಿಲ್ಲ. ಮುಂದೆ ಸಿ.ಆರ್. ಸಿಂಹ ಅವರು 'ಟಿಪಿಕಲ್ ಟಿ.ಪಿ. ಕೈಲಾಸಂ' ಎಂಬ ಏಕವ್ಯಕ್ತಿ ಪ್ರದರ್ಶನದಲ್ಲಿ ಆ ಮನುಷ್ಯನನ್ನೇ ರಂಗದ ಮೇಲೆ ನಿಲ್ಲಿಸಿದರು. ಹೀಗೆ ಹವ್ಯಾಸಿಗಳಿಂದ ಬದುಕಿದ್ದು ಸಾಯುವುದಾದರೆ ಹವ್ಯಾಸಿಗಳು ಕೈಬಿಟ್ಟಾಗ ಮಾತ್ರ ಸಾಯುತ್ತದೆ. ಶಾಲೆಗಿಂತ ದೊಡ್ಡ ಹವ್ಯಾಸಿ ಸಂಘ ನಮ್ಮ ಹಳ್ಳಿಗಳಲ್ಲಿ ಯಾವುದಿದೆ?

ನಮ್ಮ ನಾಲ್ಕು ತಾಲ್ಲೂಕುಗಳು ನಾಟಕಕ್ಕೆ ಹೊಸಬವಲ್ಲ. ಮಂಡ್ಯ ಜಿಲ್ಲೆ 1939ರಲ್ಲಿ ರೂಪುಗೊಳ್ಳುವ ಮೊದಲು ಇವೆಲ್ಲ ಮೈಸೂರು ಜಿಲ್ಲೆಗೆ ಸೇರಿದ್ದವು. ಮೈಸೂರಿನ ನಾಟಕದ ಗಾಳಿ ಇಲ್ಲಿಗೂ ಬೀಸುತ್ತಿತ್ತು. ಇಂದಿಗೂ ಬೇಸಗೆ ಬಂತೆಂದರೆ ಹಾರ್ಮೋನಿಯಂ ಮೇಷ್ಟರು ಊರಿಗೆ ಬರುತ್ತಾರೆ, 'ಕುರುಕ್ಷೇತ್ರ'ದ ತಾಲೀಮು ಶುರುವಾಗುತ್ತದೆ. ದುರ್ಯೋಧನನ ಪಾತ್ರಕ್ಕೆ ಇಷ್ಟು, ಕೃಷ್ಣನಿಗೆ ಇಷ್ಟು ಎಂದು ಪಾತ್ರಧಾರಿಯೇ ಕೈಯಿಂದ ಹಣ ಕೊಟ್ಟು ಬಣ್ಣ ಹಚ್ಚಿಕೊಳ್ಳುವ ಸೀಮೆ ಇದು. ಅಂಥ ರಂಗಪ್ರೀತಿಗೆ ನಾನು ತಲೆಬಾಗುತ್ತೇನೆ.

ಬರೆದವರ ಪಟ್ಟಿಯನ್ನಾದರೂ ನೋಡಿರಿ. ಶ್ರೀರಂಗಪಟ್ಟಣದ ಸಿಂಗರಾರ್ಯನ ಮಾತು ಆಯಿತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯವರು ಪು.ತಿ. ನರಸಿಂಹಾಚಾರ್ಯರು; ಅವರ ಗೀತನಾಟಕ 'ಗೋಕುಲ ನಿರ್ಗಮನ'ವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದರು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದವರು ಬಿ.ಎಂ. ಶ್ರೀಕಂಠಯ್ಯನವರು, ಗ್ರೀಕ್ ರುದ್ರನಾಟಕವನ್ನು 'ಅಶ್ವತ್ಥಾಮನ್' ಆಗಿ ಕನ್ನಡಕ್ಕೆ ಒಗ್ಗಿಸಿದರು. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರು ಎ.ಎನ್. ಮೂರ್ತಿರಾಯರು, ಫ್ರಾನ್ಸಿನ ಮೋಲಿಯೇರನ ಕಪಟಿಯನ್ನು 'ಆಷಾಢಭೂತಿ'ಯನ್ನಾಗಿ ಮಾಡಿ ನಗಿಸಿದರು. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದ ಕಾಲವನ್ನು ನೆನೆದರೆ, ಫ್ರೆಂಚ್ ನಗೆಗೂ ನಮ್ಮ ಸೀಮೆಗೂ ಹಳೆಯ ನಂಟೇ ಇದೆ ಎಂದು ತಮಾಷೆಗೆ ಹೇಳಬಹುದು. ನಾಲ್ಕು ತಾಲ್ಲೂಕುಗಳಿಗೆ ನಾಲ್ವರು. ಅವರಲ್ಲಿ ಮೂವರು ಬೇರೆಡೆಯ ನಾಟಕವನ್ನು ತಂದು ಕನ್ನಡದ್ದಾಗಿ ಮಾಡಿದವರು.

ಈಗ ಶಾಲೆಯ ವಿಚಾರಕ್ಕೆ ಬರುತ್ತೇನೆ. ಬೆಂಚುಗಳನ್ನು ಜೋಡಿಸಿ, ಮೇಲೆ ಜಮಖಾನ ಹಾಸಿ ರಂಗ ಕಟ್ಟುತ್ತಿದ್ದೆವು. ಶಿಕ್ಷಕಿಯರ ಸೀರೆ, ಯಾರದೋ ಅಜ್ಜನ ಕರೀ ಕೋಟು, ಅಂಚೆಯಣ್ಣನ ಕೊಡೆ ವೇಷಭೂಷಣಗಳಾಗುತ್ತಿದ್ದವು. ಪರದೆಯ ಹಿಂದೆ ಪುಸ್ತಕ ಹಿಡಿದು ಮಾತು ಜ್ಞಾಪಿಸುವ ಕೆಲಸ ನನ್ನದು. ಅಭ್ಯಾಸ ನಾಲ್ಕು ವಾರ, ಸಂಜೆ ಗಂಟೆ ಹೊಡೆದ ಮೇಲೆ ಮುಕ್ಕಾಲು ಗಂಟೆ. ಮೊದಲ ವಾರ ಮಕ್ಕಳು ಪಾಠ ಒಪ್ಪಿಸುವಂತೆ ಮಾತು ಒಪ್ಪಿಸುತ್ತಿದ್ದರು. ಮೂರನೆಯ ವಾರದ ಹೊತ್ತಿಗೆ ಎದುರಿನವನ ಮಾತು ಕೇಳಿ ಉತ್ತರ ಕೊಡಲು ಕಲಿಯುತ್ತಿದ್ದರು. ಎದುರಿನವನ ಮಾತು ಪೂರ್ತಿ ಮುಗಿಯುವವರೆಗೆ ಕಾಯುವುದು, ಪ್ರೇಕ್ಷಕರು ನಕ್ಕಾಗ ನಿಲ್ಲುವುದು, ನಗು ಇಳಿಯುವಾಗ ಮತ್ತೆ ಎತ್ತಿಕೊಳ್ಳುವುದು, ಈ ಮೂರು ವಿದ್ಯೆಗಳನ್ನು ಯಾವ ಪಠ್ಯಪುಸ್ತಕವೂ ಕಲಿಸದು.

ನಾಗಮಂಗಲ ತಾಲ್ಲೂಕಿನ ಒಂದು ಶಾಲೆಯಲ್ಲಿ 'ಟೊಳ್ಳುಗಟ್ಟಿ' ಆಡಿಸಿದ್ದು ನೆನಪಿದೆ. ಅದರ ಸಾರ ನಿಮಗೆ ಗೊತ್ತು. ಒಂದೇ ಮನೆಯ ಇಬ್ಬರು ಗಂಡುಮಕ್ಕಳು. ಒಬ್ಬ ಅಂಕ ತರುವವನು, ತಂದೆಯ ಹೆಮ್ಮೆ. ಇನ್ನೊಬ್ಬ ಪರೀಕ್ಷೆಯಲ್ಲಿ ಬೀಳುವವನು, ಮನೆಯವರ ಕಷ್ಟಕ್ಕೆ ಒದಗುವವನು. ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ನಾಟಕದ ಪ್ರಶ್ನೆ. ಆ 'ಗಟ್ಟಿ' ಮಗನ ಪಾತ್ರಕ್ಕೆ ತರಗತಿಯಲ್ಲಿ ಬಾಯಿಬಿಡದ, ಗಣಿತದಲ್ಲಿ ಸದಾ ಹಿಂದುಳಿದಿದ್ದ ಹುಡುಗನೊಬ್ಬನನ್ನು ಆರಿಸಿದೆ. ಪ್ರದರ್ಶನದ ರಾತ್ರಿ ಅವನ ತಂದೆ, ಬೇಸಾಯಗಾರ, ಕಂಬದ ಮರೆಯಲ್ಲಿ ನಿಂತು ನೋಡಿದರು. ಅಲ್ಲಿಯವರೆಗೆ ಅವರನ್ನು ಶಾಲೆಗೆ ಕರೆಸಿದ್ದೆಲ್ಲ ಮಗನ ಮೇಲಿನ ದೂರಿಗೇ. ಮುಗಿದ ಮೇಲೆ ಹತ್ತಿರ ಬಂದು, "ಇವನು ಇಷ್ಟೊಂದು ಮಾತಾಡ್ತಾನಾ ಮೇಷ್ಟ್ರೇ?" ಎಂದರು. ಹುಡುಗನ ಗಣಿತದ ಅಂಕಗಳು ಆಮೇಲೂ ಹೆಚ್ಚಲಿಲ್ಲ, ಸುಳ್ಳು ಹೇಳಲಾರೆ. ಆದರೆ ಅವನು ಇಂದು ತನ್ನೂರಿನ ಹಾಲಿನ ಡೈರಿಯ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುತ್ತಾನೆ. ಇದನ್ನು ಓದುತ್ತಿದ್ದರೆ ಅವನಿಗೆ ತನ್ನದೇ ಮಾತೆಂದು ತಿಳಿಯುತ್ತದೆ.

ನನ್ನ ವಾದಕ್ಕೆ ಎದುರಾಗಿ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಮೊದಲನೆಯದು: ಕೈಲಾಸಂ ಭಾಷೆ ನಮ್ಮದಲ್ಲ. ಅದು ಬೆಂಗಳೂರು, ಮೈಸೂರಿನ ಒಂದು ವರ್ಗದ ಮನೆಮಾತು, ಅರ್ಧ ಇಂಗ್ಲಿಷ್ ಬೆರೆತದ್ದು, ಕೆ.ಆರ್. ಪೇಟೆಯ ರೈತರ ಮಕ್ಕಳಿಗೇಕೆ? ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಉತ್ತರ ಪ್ರಹಸನದ ಚರಿತ್ರೆಯಲ್ಲೇ ಇದೆ. ಫ್ರೆಂಚ್ ಗಂಡ ಲಂಡನ್ನಿನವನಾಗಬಹುದಾದರೆ, ಕೈಲಾಸಂ ಅವರ ಬಡಾಯಿ ವಕೀಲ ನಮ್ಮ ತಾಲ್ಲೂಕು ಕಚೇರಿಯ ಮುಂದೆ ಕಡತ ಹಿಡಿದು ತಿರುಗುವ ಬಡಾಯಿಗಾರನೇಕೆ ಆಗಬಾರದು? ಕೃಷ್ಣರಾಜಪೇಟೆ ತಾಲ್ಲೂಕಿನ ಶಾಲೆಯೊಂದರಲ್ಲಿ ಆಳಿನ ಪಾತ್ರದ ಮಾತನ್ನು ಮಕ್ಕಳೇ ತಮ್ಮ ಮನೆಮಾತಿಗೆ ತಿರುಗಿಸಿಕೊಂಡರು. ಅಂದು ಹೆಚ್ಚು ನಗು ಬಂದದ್ದು ಆ ಮಾತುಗಳಿಗೇ. ನಮ್ಮ ಸೀಮೆಯ ಮಾತು ಸಿನಿಮಾದಲ್ಲಿ ಒರಟುತನಕ್ಕೆ ಮಾತ್ರ ಸಲ್ಲುವಂತಾಗಿರುವ ಈ ಕಾಲದಲ್ಲಿ, ಮಗು ತನ್ನ ಅಜ್ಜಿಯ ಮಾತನ್ನು ವೇದಿಕೆಯ ಮೇಲೆ ಗೌರವದಿಂದ ಆಡುವುದು ಒಂದು ದೊಡ್ಡ ಕಲಿಕೆ. ಮೊದಲು ಕೈಲಾಸಂ ಬರೆಸಿದಂತೆಯೇ ಓದಿಸಿರಿ. ಅದರ ಲಯ ಕಿವಿಗೆ ಬೀಳಲಿ. ಆಮೇಲೆ ತಿರುಗಿಸಿಕೊಳ್ಳಲಿ.

ಎರಡನೆಯದು: ಹಳೆಯ ಕಾಲದ ಹಾಸ್ಯದಲ್ಲಿ ಹೆಣ್ಣನ್ನು, ಜಾತಿಯನ್ನು, ಅಂಗವೈಕಲ್ಯವನ್ನು ಹಂಗಿಸುವ ಮಾತುಗಳಿರುತ್ತವೆ. ಇರುತ್ತವೆ. ಆರಿಸುವಾಗ ವಿವೇಕ ಬೇಕು, ಕತ್ತರಿಸುವಾಗ ಧೈರ್ಯ ಬೇಕು. ಆದರೆ ಅದೇ ಮಾನದಂಡವನ್ನು ಇಂದು ನಾವು ಎಂಟು ವರ್ಷದ ಮಕ್ಕಳಿಂದ ಕುಣಿಸುತ್ತಿರುವ ಸಿನಿಮಾ ಹಾಡುಗಳ ಸಾಹಿತ್ಯಕ್ಕೂ ಅನ್ವಯಿಸೋಣ. ಯಾವುದು ಹೆಚ್ಚು ಉಳಿದೀತೆಂದು ನೀವೇ ಲೆಕ್ಕ ಹಾಕಿರಿ.

ಮೂರನೆಯದು: ಅನುಮತಿ, ಖರ್ಚು, ಸಮಯ. ನಮ್ಮ ದೇಶದ ಕಾನೂನಿನಂತೆ ಲೇಖಕ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಕೈಲಾಸಂ ಅವರ ಜೀವಿತಕಾಲದಲ್ಲಿ ಪ್ರಕಟವಾದ ನಾಟಕಗಳಿಗೆ ಆ ಅವಧಿ 2006ರ ಕೊನೆಗೆ ಮುಗಿದಿದೆ. ಖರ್ಚೆಂದರೆ ನಾಲ್ಕು ಕುರ್ಚಿ, ಒಂದು ಮೇಜು. ಕುಣಿತದ ಉಡುಪಿನ ಬಾಡಿಗೆಗೆ ಪೋಷಕರಿಂದ ಕೂಡಿಸುವ ಹಣದ ಅಲ್ಪಭಾಗವೂ ಬೇಡ. ಸಮಯ ಮಾತ್ರ ಬೇಕು; ಅದನ್ನು ಕೊಡಬೇಕಾದವರು ಉಪಾಧ್ಯಾಯರು. ಇಂದಿನ ಉಪಾಧ್ಯಾಯರ ಮೇಲಿರುವ ದಾಖಲೆ, ಅಂಕಿಅಂಶಗಳ ಹೊರೆಯನ್ನು ನಾನು ಕಂಡಿದ್ದೇನೆ. ಆದ್ದರಿಂದ ಊರಿನಲ್ಲಿರುವ ನಿವೃತ್ತರು, ಹಳೆಯ ವಿದ್ಯಾರ್ಥಿಗಳು, 'ಕುರುಕ್ಷೇತ್ರ' ಆಡಿ ಪಳಗಿದ ಹಿರಿಯರು ಸಂಜೆಯ ಆ ಮುಕ್ಕಾಲು ಗಂಟೆಯನ್ನು ಹಂಚಿಕೊಳ್ಳಬೇಕು. ಕಂಠದಾನ ಮಾಡುವುದು ಹೇಗೆಂದು ಭೀಮನ ಪಾತ್ರಧಾರಿಗಿಂತ ಚೆನ್ನಾಗಿ ಬಲ್ಲವರಾರು?

ಕೊನೆಯದಾಗಿ ಪೋಷಕರಾಗಿರುವ ನಿಮಗೊಂದು ಮಾತು. ನೂರು ವರ್ಷಕ್ಕೂ ಹಿಂದೆ ಕೈಲಾಸಂ 'ಟೊಳ್ಳುಗಟ್ಟಿ'ಯಲ್ಲಿ ಕೇಳಿದ ಪ್ರಶ್ನೆ ಅಂದು ಮನೆಗಳಿಗೆ ಚುಚ್ಚಿದ್ದಕ್ಕಿಂತ ಇಂದು ಹೆಚ್ಚು ಚುಚ್ಚಬೇಕು. ನಿಮ್ಮಲ್ಲಿ ಹಲವರು ಫೋನು ಮಾಡಿದಾಗ ಮಗಳ ಶೇಕಡಾವಾರು ಅಂಕವನ್ನು ದಶಾಂಶದವರೆಗೆ ಹೇಳುತ್ತೀರಿ. ಅವಳು ಏನು ನೋಡಿ ನಗುತ್ತಾಳೆ, ಯಾರ ಕಷ್ಟಕ್ಕೆ ಎದ್ದು ಹೋಗುತ್ತಾಳೆ ಎಂಬುದನ್ನು ಹೇಳುವುದಿಲ್ಲ. ಉಪದೇಶದಿಂದ ಇದು ತಿದ್ದುವುದಿಲ್ಲವೆಂದು ಮೂರು ದಶಕ ಉಪದೇಶ ಮಾಡಿದ ನಾನೇ ಹೇಳುತ್ತಿದ್ದೇನೆ. ಆದರೆ ಆ ನಾಟಕದ ತಂದೆ ಅಂಕಗಳನ್ನು ಎಣಿಸುವುದನ್ನು ಕಂಡು ಸಭೆಯಲ್ಲಿ ಕುಳಿತ ತಂದೆಯರು ನಗುತ್ತಾರೆ, ನಗುತ್ತ ನಗುತ್ತ ಒಂದು ಕ್ಷಣ ಪಕ್ಕದವರ ಮುಖ ನೋಡುತ್ತಾರೆ. ಆ ಒಂದು ಕ್ಷಣಕ್ಕಾಗಿಯೇ ಪ್ರಹಸನ ಇರುವುದು.

ಈ ವರ್ಷ ನಿಮ್ಮ ಮಕ್ಕಳ ಶಾಲೆಯ ಸಭೆಯಲ್ಲಿ ಕಾರ್ಯಕ್ರಮ ಪಟ್ಟಿ ತಯಾರಾಗುವಾಗ ಎದ್ದು ನಿಂತು ಅರ್ಧ ಗಂಟೆ ಕೇಳಿರಿ. ಪುಸ್ತಕ ಸಿಗದಿದ್ದರೆ ನನ್ನ ಬಳಿ ಇದೆ. ಮಾತು ಜ್ಞಾಪಿಸಲು ಪರದೆಯ ಹಿಂದೆ ಆಳು ಬೇಕಾದರೆ ಈಗಲೂ ಬರಬಲ್ಲೆ. ಕನ್ನಡಕ ಬದಲಾಗಿದೆ, ದನಿ ಇನ್ನೂ ಇದೆ.